ಒಂದು ಊರಿಗೆ ಎಷ್ಟು ರೇಖಾಂಶ

ನಮ್ಮ ಬೆಂಗಳೂರಿನ ರಾಜಾಜಿನಗರದ ರೇಖಾಂಶ ಸುಮಾರು 77.55. ಒಬ್ಬರು ಇದನ್ನು ಫೋನಿನಲ್ಲಿ ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ ಎನ್ನೋಣ. ಹೇಳಿದವರ ಮನಸ್ಸಿನಲ್ಲಿರುವುದು ದಶಮಾಂಶದ ಡಿಗ್ರಿ, ಅಂದರೆ 77 ಡಿಗ್ರಿ 33 ನಿಮಿಷ. ಬರೆದುಕೊಂಡವರು ಅದನ್ನು 77 ಡಿಗ್ರಿ 55 ನಿಮಿಷ ಎಂದು ಓದಿದರೆ ರಾಜಾಜಿನಗರ 40 ಕಿಲೋಮೀಟರ್ ಪೂರ್ವಕ್ಕೆ ಸರಿದು ಮಾಲೂರಿನ ಮಗ್ಗುಲಿಗೆ ಹೋಗುತ್ತದೆ. ಅಕ್ಷಾಂಶದಲ್ಲಿ ಈ ತಪ್ಪು ನುಸುಳಲಾರದು. ಅಲ್ಲಿರುವ ಸಂಖ್ಯೆ 12.99. ಅರವತ್ತು ನಿಮಿಷಕ್ಕೇ ಒಂದು ಡಿಗ್ರಿ ತುಂಬುವುದರಿಂದ 99 ನಿಮಿಷ ಎಂಬುದು ಇಲ್ಲವೇ ಇಲ್ಲ. ಯಾರಿಗಾದರೂ ಅನುಮಾನ ಬಂದೇ ಬರುತ್ತದೆ. ರೇಖಾಂಶದ ತಪ್ಪಿಗೆ ಅಂಥ ತಡೆ ಇಲ್ಲ.

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಅಧಿಕೃತ ಬಿಂದುವನ್ನು ವೈಮಾನಿಕ ದಾಖಲೆಗಳ ರೀತಿಯಲ್ಲಿ ಬರೆದರೆ 131156ಎನ್ 0774220ಇ ಎಂದಾಗುತ್ತದೆ. ಚುಕ್ಕಿ ಇಲ್ಲ, ನಡುವೆ ಜಾಗವೂ ಇಲ್ಲ. ಉತ್ತರಕ್ಕೆ 13 ಡಿಗ್ರಿ 11 ನಿಮಿಷ 56 ಸೆಕೆಂಡು, ಪೂರ್ವಕ್ಕೆ 77 ಡಿಗ್ರಿ 42 ನಿಮಿಷ 20 ಸೆಕೆಂಡು ಎಂಬುದು ಇದರ ಅರ್ಥ. ಇದೇ ಅಂಕಿಗಳ ನಡುವೆ ದಶಮಾಂಶದ ಚುಕ್ಕಿ ಇಟ್ಟು 13.1156, 77.4220 ಎಂದು ನಕ್ಷೆಯಲ್ಲಿ ಹುಡುಕಿದರೆ ಸಿಗುವುದು ನೆಲಮಂಗಲದ ಆಸುಪಾಸಿನ ಹೊಲ. ಒಂದು ಅಂಕಿಯೂ ಬದಲಾಗಿಲ್ಲ; ರನ್‌ವೇ ಮಾತ್ರ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ ಸರಿದಿದೆ.

ವಿಮಾನದ ಕಂಪ್ಯೂಟರಿನೊಳಗೆ ಹೋದರೆ ಇಕ್ಕಟ್ಟು ಇನ್ನೂ ಬಿಗಿ. ಸಾಗರದ ಮೇಲೆ ಹೆಸರಿಲ್ಲದ ಬಿಂದುಗಳನ್ನು ಗುರುತಿಸಲು ಐದೇ ಅಕ್ಷರಗಳ ಸಂಕೇತವೊಂದಿದೆ. ಆ ಪದ್ಧತಿಯಲ್ಲಿ 1377ಇ ಎಂದರೆ ಉತ್ತರ 13, ಪೂರ್ವ 77 ಡಿಗ್ರಿ. ನಮ್ಮ ಊರಿನ ಪಶ್ಚಿಮಕ್ಕೆ, ತುಮಕೂರು ಸೀಮೆಯ ಹತ್ತಿರದ ಬಿಂದು. ರೇಖಾಂಶ ನೂರು ದಾಟಿದರೆ ಅಕ್ಷರ ಮಧ್ಯಕ್ಕೆ ಬರುತ್ತದೆ: 13ಇ77 ಎಂದರೆ ಪೂರ್ವ 177 ಡಿಗ್ರಿ, ಪೆಸಿಫಿಕ್ ಸಾಗರದ ನಟ್ಟನಡುವೆ. ಅದೇ ಅಕ್ಷರ ಮೊದಲಿಗೆ ಬಂದು ಇ1377 ಆದರೆ ಅಕ್ಷಾಂಶಕ್ಕೆ ಅರ್ಧ ಡಿಗ್ರಿ ಸೇರಿತು ಎಂದು ತಿಳಿಯಬೇಕು. ಉತ್ತರ ಅಟ್ಲಾಂಟಿಕ್‌ನಲ್ಲಿ 2015ರಿಂದ ಅರ್ಧ ಡಿಗ್ರಿ ಅಂತರದ ಹಾದಿಗಳನ್ನು ಬಳಕೆಗೆ ತಂದಾಗ ಈ ಕೊನೆಯ ರೂಪವೇ ತೊಡಕಾಯಿತು. ಅಕ್ಷರದ ಜಾಗ ತಪ್ಪಿದರೆ ವಿಮಾನ ಮೂವತ್ತು ನಾಟಿಕಲ್ ಮೈಲಿ ಆಚೆ ಹೋಗುತ್ತದೆ, ಅಲ್ಲಿ ಇನ್ನೊಂದು ವಿಮಾನದ ಹಾದಿ ಇರುತ್ತದೆ. ಅರ್ಧ ಡಿಗ್ರಿಯ ಬಿಂದುಗಳಿಗೆ ಬೇರೆಯದೇ ಅಕ್ಷರ ಬಳಸಿ ಎಂದು ಅಲ್ಲಿನವರು ಸಲಹೆ ಕೊಡಬೇಕಾಯಿತು.

ಈ ಗೊಂದಲ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ನಮ್ಮ ನೆಲದಲ್ಲೇ ಇದಕ್ಕೆ ಇನ್ನೂರು ವರ್ಷಗಳ ಚರಿತ್ರೆ ಇದೆ.

1799ರ ಏಪ್ರಿಲ್ ಮೊದಲ ವಾರ, ಶ್ರೀರಂಗಪಟ್ಟಣದ ಹೊರವಲಯ. ಟಿಪ್ಪುವಿನ ಕೋಟೆಗೆ ಮುತ್ತಿಗೆ ಹಾಕಲು ಬಂದ ಇಂಗ್ಲಿಷ್ ಸೈನ್ಯದ ಒಂದು ತುಕಡಿ ಜನರಲ್ ಬೇರ್ಡ್‌ನ ಕೈಕೆಳಗೆ ರಾತ್ರಿ ಹೊತ್ತು ತನ್ನ ಪಾಳೆಯಕ್ಕೆ ಮರಳುತ್ತಿತ್ತು. ಜೊತೆಗಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ನಕ್ಷತ್ರಗಳನ್ನು ನೋಡಿ, ನಾವು ದಕ್ಷಿಣಕ್ಕಲ್ಲ, ಉತ್ತರಕ್ಕೆ ಹೋಗುತ್ತಿದ್ದೇವೆ, ಮುಂದೆ ಇರುವುದು ಟಿಪ್ಪುವಿನ ಸೈನ್ಯ ಎಂದ. ಬೇರ್ಡ್ ಮೊದಲು ಕಿವಿಗೊಡಲಿಲ್ಲ. ಆಮೇಲೆ ದಿಕ್ಸೂಚಿ ತಂದು ನೋಡಿದಾಗ ನಕ್ಷತ್ರ ಹೇಳಿದ್ದೇ ನಿಜವಾಗಿತ್ತು ಎಂಬ ಪ್ರಸಂಗವನ್ನು ಭೂಮಾಪನದ ಚರಿತ್ರೆ ಬರೆದವರು ತಪ್ಪದೆ ಹೇಳುತ್ತಾರೆ. ಯುದ್ಧ ಮುಗಿದ ಮರುವರ್ಷವೇ ಅದೇ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ನೆಲ ಅಳೆಯಲು ನಿಂತ.

1800ರ ಅಕ್ಟೋಬರ್ ಮಧ್ಯದಿಂದ ಡಿಸೆಂಬರ್‌ವರೆಗೆ, ಬೆಂಗಳೂರಿನ ಪೂರ್ವದ ಬಯಲಿನಲ್ಲಿ ಏಳು ಮೈಲಿಗೂ ಉದ್ದದ ಆಧಾರರೇಖೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆದರು. ಸರಪಳಿಯ ಉದ್ದ ನೂರು ಅಡಿ, ನಲವತ್ತು ಕೊಂಡಿ. ಚೀನಾದ ದೊರೆಗೆ ಕಾಣಿಕೆಯಾಗಿ ಹೋಗಿದ್ದ ವಸ್ತುಗಳ ಜೊತೆ ಹೊರಟು, ಅಲ್ಲಿ ಬೇಡವಾಗಿ, ಕೈ ಬದಲಾಯಿಸಿ ನಮ್ಮಲ್ಲಿಗೆ ಬಂದದ್ದು ಅದು. ಲ್ಯಾಂಬ್ಟನ್ ಇಂಗ್ಲೆಂಡಿನಿಂದ ತರಿಸಿಕೊಂಡ ಅರ್ಧ ಟನ್ ತೂಕದ ಥಿಯೊಡೊಲೈಟ್ ಇನ್ನೂ ಬಂದಿರಲಿಲ್ಲ. ಅದನ್ನು ಹೊತ್ತ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದರು, ಏನೆಂದು ಗೊತ್ತಾದ ಮೇಲೆ ಮರ್ಯಾದೆಯಿಂದ ಮದರಾಸಿಗೆ ಕಳಿಸಿಕೊಟ್ಟರು. ಆಮೇಲೆ ಮಾಗಡಿ ಸೀಮೆಯ ಸಾವನದುರ್ಗದಂಥ ಬೆಟ್ಟಗಳ ನೆತ್ತಿಯಿಂದ ತ್ರಿಕೋನಗಳು ಹೆಣೆದುಕೊಂಡವು. ಕೆಂಗೇರಿಯಿಂದ ಮಾಗಡಿ ಕಡೆ ಹೋಗುವಾಗ ಬೋಳು ತಲೆ ಎತ್ತಿ ನಿಂತ ಆ ಬಂಡೆಗೆ ನಾವು ಚಾರಣಕ್ಕೆ ಹೋಗುತ್ತೇವೆ; ನಾಡಿನ ಅಕ್ಷಾಂಶ ರೇಖಾಂಶಗಳ ಹೆಣಿಗೆಯಲ್ಲಿ ಅದೂ ಒಂದು ಗಂಟು ಎಂಬುದು ಅಲ್ಲಿ ಎಲ್ಲೂ ಬರೆದಿಲ್ಲ. ನಕ್ಷತ್ರಗಳಿಂದ ಅಕ್ಷಾಂಶ ಗೊತ್ತುಮಾಡಿಕೊಂಡ ಠಾಣೆಗಳಲ್ಲಿ ಬೆಂಗಳೂರಿನ ದೊಡ್ಡಗುಂಟೆಯದು ಮುಖ್ಯ. ಕನ್ಯಾಕುಮಾರಿ ಬಳಿಯಿಂದ ಬೀದರ್ ಸೀಮೆಯವರೆಗೆ ಬೆಳೆದ ತ್ರಿಕೋನಗಳ ಸರಣಿಯಾದ ಮಹಾಚಾಪದ ಲೆಕ್ಕಗಳಲ್ಲಿ ಈ ಹೆಸರು ಮತ್ತೆ ಮತ್ತೆ ಬರುತ್ತದೆ.

ಅಕ್ಷಾಂಶ ಹೀಗೆ ದಕ್ಕಿತು. ಧ್ರುವ ನಕ್ಷತ್ರದ ಎತ್ತರ ಸಾಕು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ರೇಖಾಂಶ ಹಾಗಲ್ಲ. ಅದನ್ನು ಎಲ್ಲಿಂದ ಎಣಿಸುವುದು ಎಂಬುದನ್ನು ಮನುಷ್ಯರು ಕೂತು ಒಪ್ಪಿಕೊಳ್ಳಬೇಕು. ನಮ್ಮ ಪಂಚಾಂಗಕಾರರು ಉಜ್ಜಯಿನಿಯ ಮೇಲೆ ಹಾದು ಲಂಕೆಗೆ ಹೋಗುವ ರೇಖೆಯಿಂದ ಎಣಿಸಿದರು, ಅದನ್ನೂ ಡಿಗ್ರಿಯಲ್ಲಲ್ಲ, ಘಳಿಗೆ ವಿಘಳಿಗೆಯಲ್ಲಿ. ಬೆಂಗಳೂರಿಗೂ ಉಜ್ಜಯಿನಿಗೂ ಇರುವ ಅಂತರ ಕಾಲದ ಲೆಕ್ಕದಲ್ಲಿ ಏಳು ನಿಮಿಷ ಚಿಲ್ಲರೆ. ದೇಶಾಂತರ ಸಂಸ್ಕಾರ ಎಂದು ಪಂಚಾಂಗದಲ್ಲಿ ಬರುವ ತಿದ್ದುಪಡಿ ಇದೇ. ಒಂದೇ ರೇಖಾಂಶಕ್ಕೆ ಎರಡು ಬರವಣಿಗೆ ಇರುವುದು, ಒಂದರಿಂದ ಇನ್ನೊಂದಕ್ಕೆ ಲೆಕ್ಕ ಹಾಕಿ ಹೋಗಬೇಕಾದ್ದು ಆ ಪಂಡಿತರಿಗೆ ನಿತ್ಯದ ಕೆಲಸವಾಗಿತ್ತು; ತಿದ್ದುಪಡಿಗೆ ಹೆಸರಿಟ್ಟು, ಅದನ್ನು ಪುಟದ ಮೇಲೆ ಬರೆದೇ ಮುಂದುವರಿದರು ಎಂಬುದು ಅವರ ದೊಡ್ಡತನ ಎಂದು ನನಗೆ ಅನಿಸುತ್ತದೆ.

ಲ್ಯಾಂಬ್ಟನ್ ತನ್ನ ಲೆಕ್ಕವನ್ನು ಮದರಾಸಿನ ವೀಕ್ಷಣಾಲಯದಿಂದ ಎಣಿಸಿದ. ಗ್ರೀನಿಚ್‌ನಿಂದ ಮದರಾಸು ಎಷ್ಟು ದೂರ ಎಂಬುದನ್ನು ಗುರುಗ್ರಹದ ಉಪಗ್ರಹಗಳ ಗ್ರಹಣ ನೋಡಿ ಕಂಡುಹಿಡಿಯುತ್ತಿದ್ದ ಕಾಲ ಅದು. ಮುಂದೆ ಭೂಮಾಪನ ಇಲಾಖೆ ಒಪ್ಪಿಕೊಂಡದ್ದು 80 ಡಿಗ್ರಿ 17 ನಿಮಿಷ 21 ಸೆಕೆಂಡು. ಸಮುದ್ರದಡಿ ತಂತಿ ಎಳೆದು ಗ್ರೀನಿಚ್‌ನ ಗಡಿಯಾರವನ್ನೂ ಮದರಾಸಿನ ಗಡಿಯಾರವನ್ನೂ ತಾಳೆ ನೋಡಿದಾಗ ಅದು 2 ನಿಮಿಷ 27 ಸೆಕೆಂಡಿನಷ್ಟು ಹೆಚ್ಚಾಗಿದೆ ಎಂದು ತಿಳಿಯಿತು. ಅಷ್ಟರಲ್ಲಿ ದೇಶದ ನಕ್ಷೆಗಳೆಲ್ಲ ಆ ಹೆಚ್ಚಳವನ್ನು ಹೊತ್ತೇ ಅಚ್ಚಾಗಿದ್ದವು. ನಮ್ಮ ಅಕ್ಷಾಂಶದಲ್ಲಿ ಅದರ ಬೆಲೆ ಸುಮಾರು 4.4 ಕಿಲೋಮೀಟರ್, ಈಗಿನ ರಾಜಾಜಿನಗರದಿಂದ ವಸಂತನಗರದಷ್ಟು. ನೆಲದ ಮೇಲೆ ಯಾವ ಊರೂ ಜಾಗ ಬಿಟ್ಟಿರಲಿಲ್ಲ, ಊರೂರ ನಡುವಿನ ಅಂತರವೂ ಸರಿಯಿತ್ತು. ಇಡೀ ಭಾರತವೇ ಒಟ್ಟಾಗಿ ಪೂರ್ವಕ್ಕೆ ಜರುಗಿತ್ತು, ಅಷ್ಟೆ. ಗ್ರೀನಿಚ್ ಲೆಕ್ಕ ಬೇಕಾದವರು ಇಷ್ಟನ್ನು ಕಳೆದುಕೊಳ್ಳಿ ಎಂಬ ಟಿಪ್ಪಣಿಯನ್ನು ಹಳೆಯ ಹಾಳೆಗಳ ಅಂಚಿನಲ್ಲಿ ಅಚ್ಚು ಹಾಕಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಕ್ಷೆಗಳನ್ನೇ ತಿದ್ದುವವರೆಗೆ ಆ ಟಿಪ್ಪಣಿ ಓದಿದವರದೊಂದು ಬೆಂಗಳೂರು, ಓದದವರದೊಂದು ಬೆಂಗಳೂರು.

ಎರಡನೆಯ ಗಂಟು ಇನ್ನೂ ಆಳದ್ದು. ಲ್ಯಾಂಬ್ಟನ್‌ನ ನಂತರ ಕೆಲಸ ವಹಿಸಿಕೊಂಡ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರಕ್ಕೆ ಒಂದು ಲೆಕ್ಕ ಕೊಟ್ಟ. ಭಾರತದ ನೆಲಕ್ಕೆ ಚೆನ್ನಾಗಿ ಹೊಂದುವ ಆಕಾರವದು. ಆದರೆ ಅದರ ಕೇಂದ್ರ ಭೂಮಿಯ ನಿಜವಾದ ಕೇಂದ್ರದಿಂದ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ಸರಿದಿದೆ. ಉಪಗ್ರಹ ಸುತ್ತುವುದು ನಿಜವಾದ ಕೇಂದ್ರವನ್ನು. ಹೀಗಾಗಿ ಬೆಂಗಳೂರಿನ ಒಂದೇ ಕಲ್ಲುಕಂಬಕ್ಕೆ ಎವರೆಸ್ಟ್ ಲೆಕ್ಕದಲ್ಲಿ ಒಂದು ಅಕ್ಷಾಂಶ ರೇಖಾಂಶ, ಉಪಗ್ರಹದ ಲೆಕ್ಕದಲ್ಲಿ ಇನ್ನೊಂದು. ಎರಡರ ನಡುವೆ ನೂರು ಮೀಟರಿಗೂ ಮಿಕ್ಕ ಅಂತರ. ದೇವನಹಳ್ಳಿಯ ಮೊದಲ ರನ್‌ವೇಯ ಅಗಲ 45 ಮೀಟರ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಬರೆದ ಸಂಖ್ಯೆಗೂ ಓದುವ ಕಣ್ಣಿಗೂ ನಡುವೆ ಇರಬೇಕಾದ ಒಪ್ಪಂದ ಬಾಯಿಬಿಟ್ಟು ಹೇಳದೆ ಉಳಿದಾಗ ಏನಾಗುತ್ತದೆ ಎಂಬುದಕ್ಕೆ ವಿಮಾನಯಾನ ಕೊಟ್ಟಷ್ಟು ಕಠೋರವಾದ ಉತ್ತರವನ್ನು ಬೇರೆ ಯಾವ ಕ್ಷೇತ್ರವೂ ಕೊಟ್ಟಿಲ್ಲ. ಅಂಥ ಉತ್ತರಗಳಲ್ಲಿ ನನ್ನನ್ನು ಬಿಡದೆ ಕಾಡುವುದು ಎರೆಬಸ್ ದುರಂತ. ನ್ಯೂಜಿಲೆಂಡಿನ ಆಕ್ಲೆಂಡ್‌ನಿಂದ ಅಂಟಾರ್ಕ್ಟಿಕಾ ತೋರಿಸಿ ವಾಪಸು ಕರೆತರುವ ವಿಮಾನಗಳಿದ್ದವು. 1978ರಲ್ಲಿ ಅವುಗಳ ಹಾದಿಯನ್ನು ಕಂಪ್ಯೂಟರಿಗೆ ಹಾಕುವಾಗ ಕೊನೆಯ ಬಿಂದುವಿನ ರೇಖಾಂಶ 166 ಡಿಗ್ರಿ 48 ನಿಮಿಷ ಇರಬೇಕಾದಲ್ಲಿ 164 ಡಿಗ್ರಿ 48 ನಿಮಿಷ ಎಂದು ದಾಖಲಾಯಿತು. ಒಂದೇ ಅಂಕಿ. ಈ ತಪ್ಪಿನಿಂದ ಹಾದಿ ಎರೆಬಸ್ ಅಗ್ನಿಪರ್ವತವನ್ನು ಬಿಟ್ಟು, ಪಶ್ಚಿಮಕ್ಕೆ ನಲವತ್ತು ಕಿಲೋಮೀಟರಿಗೂ ದೂರದಲ್ಲಿ, ಮಂಜುಗಟ್ಟಿದ ಸಮತಟ್ಟು ಕೊಲ್ಲಿಯ ಮೇಲೆ ಹಾಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ವಿಮಾನಗಳು ಹಾಗೇ ಹೋಗಿ ಬಂದವು. ಕ್ಯಾಪ್ಟನ್ ಜಿಮ್ ಕಾಲಿನ್ಸ್‌ಗೆ ವಿವರಣೆ ಕೊಟ್ಟಾಗಲೂ ಇದೇ ಹಾದಿ. ಹಾರಾಟದ ಹಿಂದಿನ ರಾತ್ರಿ ಅವರು ಮನೆಯಲ್ಲಿ ಕೂತು ಅದನ್ನು ನಕ್ಷೆಯ ಮೇಲೆ ಗೆರೆ ಎಳೆದು ನೋಡಿದ್ದರು. ಅದೇ ರಾತ್ರಿ ಕಚೇರಿಯಲ್ಲಿ ರೇಖಾಂಶವನ್ನು ತಿದ್ದಿದರು. ತಿದ್ದಿದ್ದು ಪೈಲಟ್‌ಗಳಿಗೆ ಗೊತ್ತಾಗಲಿಲ್ಲ.

1979ರ ನವೆಂಬರ್ 28ರಂದು ಕಾಲಿನ್ಸ್ ಅವರ ವಿಮಾನ ಹೊಸ ಸಂಖ್ಯೆಯನ್ನು ನಂಬಿ ನೇರ ಬೆಟ್ಟದ ಕಡೆಗೆ ಹೋಯಿತು. ಬಿಳಿ ಮೋಡ, ಕೆಳಗೆ ಬಿಳಿ ಹಿಮ. ಎದುರಿಗಿದ್ದದ್ದು ಕೊಲ್ಲಿಯೆಂದೇ ಕಣ್ಣಿಗೆ ಕಂಡಿತು. 257 ಜನ ತೀರಿಕೊಂಡರು. ಮೊದಲ ತನಿಖೆ ಪೈಲಟ್‌ಗಳ ಮೇಲೆ ತಪ್ಪು ಹೊರಿಸಿತು. 1981ರಲ್ಲಿ ನ್ಯಾಯಮೂರ್ತಿ ಪೀಟರ್ ಮಹೋನ್, ಸಂಖ್ಯೆಯನ್ನು ಬದಲಿಸಿ ಹೇಳದೆ ಹೋದದ್ದೇ ಮೂಲ ಕಾರಣ ಎಂದರು. ನ್ಯೂಜಿಲೆಂಡ್ ಸರ್ಕಾರದ ಪರವಾಗಿ ಪ್ರಧಾನಿ ಜಸಿಂಡಾ ಆರ್ಡರ್ನ್ ಕ್ಷಮೆ ಕೇಳಿದ್ದು 2019ರಲ್ಲಿ, ದುರಂತಕ್ಕೆ ನಲವತ್ತು ವರ್ಷ ತುಂಬಿದ ದಿನ. ತಪ್ಪು ಸಂಖ್ಯೆ ಇದ್ದಷ್ಟು ದಿನ ಯಾರಿಗೂ ಏನೂ ಆಗಲಿಲ್ಲ, ತಿದ್ದಿದ ದಿನವೇ ಸಾವು ಬಂತು ಎಂಬುದನ್ನು ಅರಗಿಸಿಕೊಳ್ಳುವುದು ಕಷ್ಟ.

ಬ್ರೆಜಿಲ್‌ನಲ್ಲಿ 1989ರ ಸೆಪ್ಟೆಂಬರ್ 3ರಂದು ನಡೆದದ್ದು ದಿಕ್ಕಿನ ಸಂಖ್ಯೆಯ ಬರಹದ ಗೊಂದಲ. ಹಾರಾಟದ ಹಾಳೆಯಲ್ಲಿ 0270 ಎಂದಿತ್ತು. ಕೊನೆಯ ಸೊನ್ನೆ ದಶಮಾಂಶ, ಅಂದರೆ 27.0 ಡಿಗ್ರಿ, ಹೆಚ್ಚುಕಡಿಮೆ ಉತ್ತರ. ವಾರಿಗ್ ಸಂಸ್ಥೆಯ ಆ ವಿಮಾನದ ಕ್ಯಾಪ್ಟನ್ ಅದನ್ನು 270 ಎಂದು ಓದಿದರು, ನೇರ ಪಶ್ಚಿಮ. ಒಂದು ಗಂಟೆಯೂ ಬೇಡದ ಪ್ರಯಾಣಕ್ಕೆ ಹೊರಟ ವಿಮಾನ ಅಮೆಜಾನ್ ಕಾಡಿನ ಮೇಲೆ ಅಲೆದು, ಇಂಧನ ಮುಗಿದು, ರಾತ್ರಿ ಮರಗಳ ಮೇಲೆ ಇಳಿಯಿತು. 54 ಜನರಲ್ಲಿ 12 ಮಂದಿ ಸತ್ತರು. ಚುಕ್ಕಿಯೊಂದನ್ನು ಅಚ್ಚು ಹಾಕಿದ್ದರೆ ಸಾಕಿತ್ತು.

ಜಗತ್ತು ಒಂದು ಒಪ್ಪಂದಕ್ಕೆ ಬಂದದ್ದು ನಿಧಾನವಾಗಿ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಹೋದ ಕೊರಿಯಾದ ವಿಮಾನವನ್ನು ಹೊಡೆದುರುಳಿಸಿ 269 ಜನ ಸತ್ತ ಮೇಲೆ, ಜಿಪಿಎಸ್ ಸಿದ್ಧವಾದಾಗ ಎಲ್ಲರಿಗೂ ಕೊಡುತ್ತೇವೆ ಎಂದು ಅಮೆರಿಕ ಘೋಷಿಸಿತು. ಉಪಗ್ರಹವನ್ನು ಎಲ್ಲರೂ ನಂಬುವುದಾದರೆ ಎಲ್ಲರ ಭೂಮಿಯೂ ಒಂದೇ ಆಕಾರದ್ದಿರಬೇಕಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1998ರ ಜನವರಿ 1ರಿಂದ ವೈಮಾನಿಕ ದಾಖಲೆಗಳಲ್ಲಿ ಡಬ್ಲ್ಯೂಜಿಎಸ್-84 ಎಂಬ ಒಂದೇ ಆಧಾರವನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಸಾಮಾನ್ಯ ಜನರ ಬಳಕೆಯ ಭೂಪಟಗಳು ಎವರೆಸ್ಟ್‌ನ ಲೆಕ್ಕ ಬಿಟ್ಟು ಈ ಕಡೆ ಬಂದದ್ದು 2005ರ ರಾಷ್ಟ್ರೀಯ ನಕ್ಷಾ ನೀತಿಯಿಂದ.

ಆದರೂ ಭೂಮಿಯ ಆಕಾರ ಒಂದೇ ಆದ ಮಾತ್ರಕ್ಕೆ ಬರೆಯುವ ರೀತಿ ಒಂದಾಗಲಿಲ್ಲ. 2015ರ ಮಾರ್ಚ್ 10ರಂದು ಸಿಡ್ನಿಯಿಂದ ಕೌಲಾಲಂಪುರಕ್ಕೆ ಹೊರಟ ಏರ್‌ಏಷ್ಯಾ ಎಕ್ಸ್ ವಿಮಾನದಲ್ಲಿ ನಿಂತ ಜಾಗದ ರೇಖಾಂಶವನ್ನು ಕೈಯಿಂದ ಒತ್ತಬೇಕಿತ್ತು. ಒತ್ತಬೇಕಾದ್ದು 15109.8, ಅಂದರೆ 151 ಡಿಗ್ರಿ 9.8 ನಿಮಿಷ. ಒತ್ತಿದ್ದು 01519.8, ಅಂದರೆ 15 ಡಿಗ್ರಿ 19.8 ನಿಮಿಷ. ಡಿಗ್ರಿಗೂ ನಿಮಿಷಕ್ಕೂ ನಡುವೆ ಗೆರೆಯೇ ಇಲ್ಲದ ಸಾಲು ಅದು. ಕಂಪ್ಯೂಟರಿನ ಪಾಲಿಗೆ ವಿಮಾನ ಆಫ್ರಿಕಾದ ಕೇಪ್‌ಟೌನ್ ಆಚೆಯ ಸಮುದ್ರದಲ್ಲಿತ್ತು, 11,000 ಕಿಲೋಮೀಟರಿಗೂ ದೂರ. ಮೇಲೇರಿದ ಕೂಡಲೇ ಅದು ತಪ್ಪು ಕಡೆಗೆ ತಿರುಗಿತು, ಪರದೆಗಳು ಒಂದೊಂದಾಗಿ ಕೈಕೊಟ್ಟವು. ಸಿಡ್ನಿಯಲ್ಲಿ ಮೋಡ ಕೆಳಗಿದ್ದರಿಂದ ಕೊನೆಗೆ ಮೆಲ್ಬರ್ನ್‌ನಲ್ಲಿ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಇಬ್ಬರು ಪೈಲಟ್‌ಗಳೂ ಬೇರೆಬೇರೆಯಾಗಿ ನೋಡಿ ತಾಳೆ ಹಾಕಬೇಕು, ಒಂದು ಬಿಂದುವಿನಿಂದ ಮುಂದಿನದಕ್ಕೆ ಎಷ್ಟು ದೂರ, ಯಾವ ದಿಕ್ಕು ಎಂಬುದನ್ನು ಹಾಳೆಯೊಂದಿಗೆ ಹೋಲಿಸಬೇಕು ಎಂಬ ನಿಯಮಗಳನ್ನು ಕಾಕ್‌ಪಿಟ್‌ನಲ್ಲಿ ಇಷ್ಟು ಕಟ್ಟುನಿಟ್ಟಾಗಿ ಪಾಲಿಸಲು ಹೇಳುವುದು ಇಂಥ ಅನುಭವಗಳಿಂದಲೇ.

ನಮ್ಮ ಪಶ್ಚಿಮ ಬೆಂಗಳೂರು ಈ ಚರಿತ್ರೆಯೊಳಗೆ ಬರುವುದು ಪೀಣ್ಯದ ಮೂಲಕ. ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಆರ್ಯಭಟ ಉಪಗ್ರಹ ಸಿದ್ಧವಾದದ್ದು ಅಲ್ಲಿನ ಕೈಗಾರಿಕಾ ಶೆಡ್‌ಗಳಲ್ಲಿ. 1975ರ ಏಪ್ರಿಲ್ 19ರಂದು ಅದು ಕಕ್ಷೆ ಸೇರಿತು. ಉಪಗ್ರಹಗಳ ಬೆನ್ನು ಹತ್ತುವ ಇಸ್ಟ್ರ್ಯಾಕ್ ಕೇಂದ್ರ ಇಂದಿಗೂ ಪೀಣ್ಯದಲ್ಲಿದೆ. ಕೆಂಗೇರಿ ದಾಟಿ, ರಾಮೋಹಳ್ಳಿಯ ದೊಡ್ಡ ಆಲದ ಮರದ ಕಡೆಯಿಂದ ಮುಂದೆ ಹೋದರೆ ಬ್ಯಾಲಾಳು. ಸುತ್ತಲಿನ ದಿಣ್ಣೆಗಳು ರೇಡಿಯೊ ಗದ್ದಲವನ್ನು ತಡೆಯುವ ತಗ್ಗು ನೆಲ ಅದು. ಚಂದ್ರಯಾನ-1ರ ಹೊತ್ತಿಗೆ, 2008ರಲ್ಲಿ, ಅಲ್ಲಿ 18 ಮತ್ತು 32 ಮೀಟರ್ ಅಗಲದ ಆಂಟೆನಾಗಳು ಎದ್ದವು. ಊರಿನವರು ಬ್ಯಾಲಾಳನ್ನು ಬಲ್ಲದ್ದು ಚಂದ್ರನ ಹೆಸರಿನಿಂದ. ನಾನು ಹೇಳಬೇಕೆಂದಿರುವುದು ಅದೇ ಆವರಣದ ಇನ್ನೊಂದು ಕೇಂದ್ರದ ವಿಷಯ.

ಸ್ವಂತ ದಿಕ್ಸೂಚಿ ಉಪಗ್ರಹಗಳ ಯೋಜನೆಗೆ ಕೇಂದ್ರ ಸರ್ಕಾರ 2006ರಲ್ಲಿ ಒಪ್ಪಿಗೆ ಕೊಟ್ಟಿತು. 2013ರ ಮೇ 28ರಂದು ಬ್ಯಾಲಾಳಿನಲ್ಲಿ ಇಸ್ರೋ ನ್ಯಾವಿಗೇಷನ್ ಸೆಂಟರ್ ಉದ್ಘಾಟನೆಯಾಯಿತು. ಮೊದಲ ಉಪಗ್ರಹ ಹಾರಿದ್ದು ಅದೇ ವರ್ಷದ ಜುಲೈ 1ರಂದು, ಏಳನೆಯದು 2016ರ ಏಪ್ರಿಲ್ 28ರಂದು. ನಾವಿಕ್ ಎಂದು ಹೆಸರು ಬಂದದ್ದು ಆಗ. ಬ್ಯಾಲಾಳಿನ ಹೃದಯ ಅಲ್ಲಿನ ಪರಮಾಣು ಗಡಿಯಾರಗಳು. ರೇಡಿಯೊ ಅಲೆ ಒಂದು ನ್ಯಾನೊ ಸೆಕೆಂಡಿನಲ್ಲಿ 30 ಸೆಂಟಿಮೀಟರ್ ಹೋಗುತ್ತದೆ. ಕಾಲದಲ್ಲಿ ಒಂದು ಮೈಕ್ರೊ ಸೆಕೆಂಡು ತಪ್ಪಿದರೆ ನೆಲದ ಮೇಲೆ 300 ಮೀಟರ್ ತಪ್ಪು. ಮದರಾಸಿನವರು ಗುರುವಿನ ಚಂದ್ರರನ್ನು ನೋಡಿ ಹಿಡಿಯಲು ಹೆಣಗಿದ್ದು ಇದೇ ಕಾಲವನ್ನು. ಉಪಗ್ರಹಗಳ ಗಡಿಯಾರಗಳೂ ಕೈಕೊಡುತ್ತವೆ: 2016ರಲ್ಲಿ ಮೊದಲ ಉಪಗ್ರಹದ ರುಬಿಡಿಯಂ ಗಡಿಯಾರಗಳು ಕೆಟ್ಟವು. ಅದರ ಬದಲಿಗೆ 2017ರಲ್ಲಿ ಹೊರಟದ್ದು ರಾಕೆಟ್ಟಿನ ಶಾಖಕವಚ ಬಿಚ್ಚಿಕೊಳ್ಳದೆ ಹಾಳಾಯಿತು. 2023ರ ಮೇ 29ರಂದು ಹೋದ ಉಪಗ್ರಹದಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರವಿದೆ. 2025ರ ಜನವರಿ 29ರಂದು ಹೊರಟದ್ದಕ್ಕೆ ತನ್ನ ಕಕ್ಷೆ ಸೇರಲಾಗಲಿಲ್ಲ. ಕೆಲಸ ಅರ್ಧದಲ್ಲಿದೆ ಎಂಬುದನ್ನು ಮರೆಮಾಚಬೇಕಾಗಿಲ್ಲ.

ವಿಮಾನಗಳಿಗಾಗಿಯೇ ಇರುವುದು ಗಗನ್ ವ್ಯವಸ್ಥೆ, ಜಿಪಿಎಸ್‌ನ ತಪ್ಪನ್ನು ತಿದ್ದಿ ಕಳಿಸುವಂಥದು. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಅದರ ನಿಯಂತ್ರಣ ಕೇಂದ್ರ ಊರಿನ ಇನ್ನೊಂದು ತುದಿಯ ಕುಂದಲಹಳ್ಳಿಯಲ್ಲಿದೆ. 2022ರ ಏಪ್ರಿಲ್‌ನಲ್ಲಿ ಇಂಡಿಗೊದ ವಿಮಾನವೊಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಇಳಿಯಿತು. ಹೀಗೆ ಇಳಿಯಬೇಕಾದರೆ ರನ್‌ವೇಯ ತುದಿಯ ಅಕ್ಷಾಂಶ ರೇಖಾಂಶವನ್ನು ಸೆಕೆಂಡಿನ ದಶಮಾಂಶಗಳವರೆಗೆ, ಒಂದೇ ಆಧಾರದಲ್ಲಿ, ಒಂದೇ ರೂಪದಲ್ಲಿ ಬರೆದಿಟ್ಟಿರಬೇಕು.

ಹಳೆಯ ಗುರುತುಗಳನ್ನು ನಾವು ಕಾಪಾಡಿಕೊಂಡಿಲ್ಲ. 1868ರಲ್ಲಿ ಬೆಂಗಳೂರಿನ ಆಧಾರರೇಖೆಯನ್ನು ಮತ್ತೆ ಅಳೆದಾಗ ಹೆಣ್ಣೂರು ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಕಟ್ಟಿದ್ದ ವೀಕ್ಷಣಾ ಕಟ್ಟಡವನ್ನು 2024ರಲ್ಲಿ ಕೆಡವಿಹಾಕಿದರು. ದೇಶದ ನಕ್ಷೆ ನಿಂತದ್ದು ಅಂಥ ಕಟ್ಟಡಗಳ ಮೇಲೆ; ಅದನ್ನು ಉಳಿಸಿಕೊಳ್ಳಲಾಗದ್ದಕ್ಕೆ ನನಗೆ ನೋವಿದೆ.

ಈಗ ಅಕ್ಷಾಂಶ ರೇಖಾಂಶ ಪೈಲಟ್‌ಗಳ ಸ್ವತ್ತಾಗಿ ಉಳಿದಿಲ್ಲ. ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಮನೆಯ ಇ-ಖಾತಾಕ್ಕೆ ಹೊರಟವರು ಆಸ್ತಿ ಇರುವ ಬಿಂದುವನ್ನು ಕೊಡಬೇಕು. ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಆಂಬುಲೆನ್ಸಿಗೆ ಫೋನಿನಿಂದ ಜಾಗ ಕಳಿಸುತ್ತೇವೆ. ಒಂದು ಫೋನು 12.97 ಎಂದು ದಶಮಾಂಶದಲ್ಲಿ ಹೇಳಿದರೆ ಇನ್ನೊಂದು 12 ಡಿಗ್ರಿ 58 ನಿಮಿಷ ಎನ್ನುತ್ತದೆ. ಹಳೆಯ ಹಾಳೆಯಿಂದ ಎತ್ತಿದ ಸಂಖ್ಯೆಯಾದರೆ ಎವರೆಸ್ಟ್‌ನ ಲೆಕ್ಕವೂ ಇರಬಹುದು. ಅಕ್ಷಾಂಶ ರೇಖಾಂಶ ಕೇಳುವ ಪ್ರತಿ ಅರ್ಜಿಯ ಖಾನೆಯ ಪಕ್ಕ ಕನ್ನಡದಲ್ಲೇ ಒಂದು ಸಾಲು ಅಚ್ಚಾಗಬೇಕು: ದಶಮಾಂಶ ಡಿಗ್ರಿಯಲ್ಲಿ, ಡಬ್ಲ್ಯೂಜಿಎಸ್-84 ಆಧಾರದಲ್ಲಿ, ಮೊದಲು ಅಕ್ಷಾಂಶ ಆಮೇಲೆ ರೇಖಾಂಶ ಬರೆಯಿರಿ ಎಂದು. ಕೈಯಿಂದ ತುಂಬಿದ ಸಂಖ್ಯೆಯನ್ನು ಸ್ವೀಕರಿಸುವ ಮೊದಲು ಆ ಬಿಂದುವನ್ನು ನಕ್ಷೆಯ ಮೇಲೆ ಅರ್ಜಿದಾರರಿಗೇ ತೋರಿಸಿ, ಇದು ನಿಮ್ಮ ಮನೆಯೇ ಎಂದು ಕೇಳುವ ಏರ್ಪಾಡೂ ಆಗಬೇಕು.